ಗಂತಿನ ಹೂವಪ್ಪಣ್ಣ ಮತ್ತು ಒಂದು ಬೊಗಸೆ ಕೆಸರುನೀರು

ಕಂಬಳಕ್ಕೆ ಹೋದವರು ಎಲ್ಲಿ ನಿಲ್ಲುತ್ತಾರೆ ಹೇಳಿ. ಮಂಜೊಟ್ಟಿಯ ಹತ್ತಿರ. ಓಟ ಮುಗಿಯುವುದು ಅಲ್ಲಿ. ನೀರು ಹಾರುವುದು, ಕ್ಯಾಮೆರಾದವರು ಕಾಯುವುದು, ಗೆದ್ದವನನ್ನು ಹೆಗಲಿಗೇರಿಸುವುದು ಎಲ್ಲ ಅಲ್ಲಿಯೇ. ಆದರೆ ಕರೆಯ, ಎಂದರೆ ಕೋಣ ಓಡುವ ಕೆಸರಿನ ದಾರಿಯ, ಆಚೆ ತುದಿಯಲ್ಲಿ ಇನ್ನೊಂದು ಜಾಗ ಉಂಟು. ಕೋಣಗಳನ್ನು ತಂದು, ತಿರುಗಿಸಿ, ಸಾಲಿಗೆ ನಿಲ್ಲಿಸಿ, ಓಟಕ್ಕೆ ಬಿಡುವ ಜಾಗ. ಅದಕ್ಕೆ ಗಂತು ಎನ್ನುತ್ತಾರೆ. ಅಲ್ಲಿ ನಿಂತವನಿಗೆ ಮೈತುಂಬ ಕೆಸರು, ಕಾಲಿನ ಮೇಲೆ ಗೊರಸು, ಕಿವಿಯಲ್ಲಿ ಬೈಗುಳ. ಎಲ್ಲೂರಿನ ಹೂವಪ್ಪಣ್ಣ ಮೂವತ್ತೆಂಟು ವರ್ಷ ಅಲ್ಲಿಯೇ ನಿಂತವರು. ತಾವು ಬಿಟ್ಟ ಕೋಣ ಗೆದ್ದದ್ದೋ ಸೋತದ್ದೋ ಎಂಬುದು ಅವರಿಗೆ ಮೈಕಿನಲ್ಲಿ ಹೇಳಿದಾಗಲೇ ಗೊತ್ತಾಗುತ್ತಿದ್ದದ್ದು. ಅವರು ಜೀವನವಿಡೀ ನೋಡಿದ್ದು ಓಡಿಹೋಗುವ ಕೋಣಗಳ ಬೆನ್ನು ಮಾತ್ರ.

ಆಳು ಸಣ್ಣ. ಎದೆ ಅಗಲ, ಕಾಲು ಗಿಡ್ಡ. "ನೊಗದ ಅಡಿಯಲ್ಲಿ ಬೆಳೆದರೆ ಉದ್ದ ಆಗುವುದು ಹೇಗೆ?" ಎಂದು ಹೆಂಡತಿ ಅಮ್ಮಣ್ಣಿ ತಮಾಷೆ ಮಾಡುತ್ತಿದ್ದಳು. ಊರಿನ ಕ್ರಿಸ್ತುವ ಧನಿ ಕಾರ್ಲ್ ಪೊರ್ಬುಗಳ ಹಟ್ಟಿಯಲ್ಲಿ ಕೋಣ ನೋಡಿಕೊಳ್ಳುವುದು ಅವರ ಕೆಲಸ. ಪೊರ್ಬುಗಳಿಗೆ ಕಂಬಳದ ಹುಚ್ಚು. ಭಾನುವಾರ ಬೆಳಿಗ್ಗೆ ಇಗರ್ಜಿಯಿಂದ ಬಂದವರು ಕೋಟು ಕಳಚುವ ಮೊದಲು ಹಟ್ಟಿಗೆ ಹೋಗಿ ಕೋಣಗಳ ಕುತ್ತಿಗೆ ಸವರುತ್ತಿದ್ದರು. "ಪಾದ್ರಿಗಳ ಆಶೀರ್ವಾದ ಬಿಸಿ ಇರುವಾಗಲೇ ಕೊಡಬೇಕು ಹೂವಪ್ಪ, ತಣಿದರೆ ಹಿಡಿಯುವುದಿಲ್ಲ" ಎನ್ನುತ್ತಿದ್ದರು.

ಆ ಕಾಲದಲ್ಲಿ ಗಂತಿನಲ್ಲಿ ಗಡಿಯಾರ ಇರಲಿಲ್ಲ. ಎರಡು ಕರೆ, ಎರಡು ಜೋಡಿ ಕೋಣ. ಎರಡೂ ಸಮನಾಗಿ ನಿಂತರೆ ಮಾತ್ರ ಓಟ. ಒಂದು ನಿಂತಾಗ ಇನ್ನೊಂದು ತಿರುಗುತ್ತದೆ, ಅದು ನಿಂತಾಗ ಇದು ಹಾರುತ್ತದೆ. ಹತ್ತು ನಿಮಿಷ, ಇಪ್ಪತ್ತು ನಿಮಿಷ, ಅರ್ಧ ಗಂಟೆ. ಹಾರಿ ಹಾರಿ ಬೆವರಿದ ಕೋಣ ಓಡುವ ಮೊದಲೇ ಅರ್ಧ ಸೋತಿರುತ್ತದೆ. ಇದನ್ನು ಗಂತಿನಲ್ಲಿ ನಿಂತವರೆಲ್ಲ ಬಲ್ಲರು. ಆದರೆ ಇದನ್ನೇ ಒಂದು ವಿದ್ಯೆ ಮಾಡಿದವರು ಹೂವಪ್ಪಣ್ಣ.

ದೂಮ ಎಂಬ ಎಳೆಯ ಕೋಣ ಹಟ್ಟಿಗೆ ಬಂದ ವರ್ಷ ಅವರು ಆ ಪಾಠ ಶುರು ಮಾಡಿದರು. ಧನಿಗಳ ಮನೆಮುಂದಿನ ಬಾಕಿಮಾರು ಗದ್ದೆಯ ತುದಿಯಲ್ಲಿ ದೂಮನನ್ನು ನಿಲ್ಲಿಸುವುದು. ಒಬ್ಬ ಹಿಂದೆ ನಿಂತು ಬೊಬ್ಬೆ ಹೊಡೆಯಬೇಕು, ಇನ್ನೊಬ್ಬ ಡಬ್ಬ ಬಡಿಯಬೇಕು. ದೂಮ ಹೆಜ್ಜೆ ಕಿತ್ತರೆ ಆ ದಿನ ಹುರುಳಿ ಇಲ್ಲ. ಕದಲದೆ ನಿಂತರೆ, ಹೂವಪ್ಪಣ್ಣ ಬಗ್ಗಿ ಒಂದು ಬೊಗಸೆ ಕೆಸರುನೀರು ತೆಗೆದು, ಅದರ ಹಣೆಯಿಂದ ಮೂಗಿನವರೆಗೆ ಇಳಿಸಿ, ಕಿವಿಯ ಹತ್ತಿರ "ಪೋ ಮಗಾ" ಎನ್ನುವರು. ಹೋಗು ಮಗನೇ. ಆಗ ಓಡಬೇಕು. ಓಡಿ ಬಂದರೆ ಅವರ ಮುಂಡಿನ ಮಡಿಲಿನಲ್ಲಿ ಬೇಯಿಸಿದ ಹುರುಳಿ. ಏಳು ತಿಂಗಳು ಒಂದು ದಿನವೂ ತಪ್ಪಲಿಲ್ಲ. ಅಮ್ಮಣ್ಣಿಗೆ ಜ್ವರ ಬಂದು ಆಸ್ಪತ್ರೆಯಲ್ಲಿದ್ದಾಗಲೂ ಉಡುಪಿಯಿಂದ ಬಸ್ಸಿನಲ್ಲಿ ಬಂದು, ನೀರು ಕೊಟ್ಟು, ಹುರುಳಿ ತಿನ್ನಿಸಿ, ವಾಪಸು ಹೋದರು.

"ನನಗೆ ಗಂಜಿ ತಂದಿರಾ?" ಎಂದು ಅಮ್ಮಣ್ಣಿ ಕೇಳಿದಳಂತೆ.

"ಅಯ್ಯೋ, ಮರೆತೆ."

"ಹುರುಳಿ ಮರೆಯಲಿಲ್ಲ ಅಲ್ವಾ? ಬರುವ ಜನ್ಮದಲ್ಲಿ ನಾನು ಕೋಣ ಆಗಿ ಹುಟ್ಟುತ್ತೇನೆ, ನೋಡಿ."

ಆಮೇಲೆ ಕರೆಗೆ ಇಳಿದ ದೂಮನನ್ನು ನೋಡಬೇಕಿತ್ತು. ಪಕ್ಕದಲ್ಲಿ ಜೊತೆಗಾರ ಕೋಣ ಬಾಬು ಸ್ವಲ್ಪ ಅಲ್ಲಾಡಿದರೂ ದೂಮ ನೊಗವನ್ನು ಹಿಡಿದು ನಿಲ್ಲಿಸುತ್ತಿದ್ದ, ಕಲ್ಲಿನ ಬಸವನ ಹಾಗೆ. ಆಚೆ ಕರೆಯ ಕೋಣಗಳು ಡೋಲು ಕೊಂಬಿನ ಶಬ್ದಕ್ಕೆ ಹಾರಿ ಹಾರಿ ನೊರೆ ಕಾರುವವರೆಗೆ ಹೂವಪ್ಪಣ್ಣ ಎಲೆ ಅಡಿಕೆ ಹಾಕಿಕೊಂಡು ನಿಲ್ಲುತ್ತಿದ್ದರು. ಅವು ದಣಿದು ನಿಂತು, ಅವರ ಲೆಕ್ಕದಲ್ಲಿ ಸಮಯ ಬಂದಾಗ ಬಗ್ಗುವರು. ಒಂದು ಬೊಗಸೆ ನೀರು. ಅಷ್ಟೇ. ದೂಮ ಹೋದದ್ದು ಕಣ್ಣಿಗೆ ಸಿಗುತ್ತಿರಲಿಲ್ಲ.

ಮೈಕಿನವರು ಬೇಡಿಕೊಂಡದ್ದೆಷ್ಟು! "ಹೂವಪ್ಪಣ್ಣ, ಕೋಣ ಈ ವರ್ಷ ಬಿಡುತ್ತೀರಾ, ಇಲ್ಲ ಬರುವ ವರ್ಷಕ್ಕಾ? ಊಟದವರು ಎಲೆ ಹಾಕಿ ಕೂತಿದ್ದಾರೆ ಮಾರಾಯರೇ!" ಜನ ನಗುತ್ತಿದ್ದರು. ಮಂಜೊಟ್ಟಿ ಬಿಟ್ಟು ಗಂತಿಗೆ ಬಂದು ನಿಲ್ಲುವವರೂ ಇದ್ದರು, ಆ ನೀರು ಹಾಕುವುದನ್ನು ನೋಡಲಿಕ್ಕೆ. ಆರು ವರ್ಷ ದೂಮ ಮತ್ತು ಬಾಬು ಗೆದ್ದ ಪದಕಗಳನ್ನು ಕಾರ್ಲ್ ಪೊರ್ಬುಗಳು ಚಾವಡಿಯಲ್ಲಿ ಏಸುವಿನ ಚಿತ್ರದ ಕೆಳಗೆ ಸಾಲಾಗಿ ತೂಗುಹಾಕಿದ್ದರು.

ಈಗ ಅನ್ನಿಸುತ್ತದೆ, ಹೂವಪ್ಪಣ್ಣನ ದುಃಖ ಶುರುವಾದದ್ದೂ ಆ ಬೊಗಸೆಯಲ್ಲಿಯೇ ಎಂದು.

ಕಾರ್ಲ್ ಪೊರ್ಬುಗಳು ತೀರಿಹೋದರು. ಅದೇ ವರ್ಷ ಬೇರೆ ಯಾರದೋ ಹಾರುವ ಕೋಣವನ್ನು ಹಿಡಿಯಲು ಹೋಗಿ ಹೂವಪ್ಪಣ್ಣ ನೊಗದ ಅಡಿಗೆ ಬಿದ್ದರು. ಸೊಂಟದ ಮೂಳೆ ಮುರಿಯಿತು. ಮಣಿಪಾಲದಲ್ಲಿ ಕಬ್ಬಿಣ ಹಾಕಿ ಕೂರಿಸಿದರು. ನಡೆಯಬಹುದು, ಕೆಸರಿನಲ್ಲಿ ಕೋಣ ಹಿಡಿಯಬಾರದು ಎಂದು ಡಾಕ್ಟರು ಹೇಳಿದರು. ಅವರ ಜಾಗಕ್ಕೆ ತಿಲಕ್ ಬಂದ. ಕಟಪಾಡಿ ಕಡೆಯ ಗಟ್ಟಿ ಆಳು, ಮೂವತ್ತರ ಪ್ರಾಯ, ಕೋಣದ ಮೇಲೆ ಪ್ರೀತಿ ಇದ್ದವನು. ಮತ್ತೊಂದು ಬಂದದ್ದು ಹೊಸ ನಿಯಮ. ಕಂಬಳ ಮುಗಿಯುವುದು ತಡವಾಗುತ್ತದೆ ಎಂದು ಗಂತಿನಲ್ಲಿ ಮೂರು ಬಣ್ಣದ ದೀಪದ ಕಂಬ ನೆಟ್ಟರು. ಹಸಿರು ಹತ್ತಿದರೆ ಐದು ನಿಮಿಷ. ಹಳದಿ ಹತ್ತಿದರೆ ಇನ್ನು ಒಂದೇ ನಿಮಿಷ. ಕೆಂಪು ಬಂದಾಗ ನಿಲ್ಲದ ಜೋಡಿ ಹೊರಗೆ, ನಿಂತಿದ್ದ ಜೋಡಿಗೆ ಗೆಲುವು.

ದೂಮ ಗಡಿಯಾರ ನೋಡುವ ಕೋಣವಲ್ಲ. ಅವನು ನೀರಿಗೆ ಕಾದ. ತಿಲಕನೂ ನೀರು ತೆಗೆದ, ಹಣೆಗೆ ಇಳಿಸಿದ, "ಪೋ ಮಗಾ" ಎಂದ. ದೂಮ ಮೂಗು ಅರಳಿಸಿ ಆ ಕೈಯನ್ನು ಮೂಸಿ, ತಲೆ ತಿರುಗಿಸಿ ಹಿಂದೆ ನೋಡಿದ. ಆಮೇಲೆ ಬಾಬುವನ್ನೂ ಎಳೆದುಕೊಂಡು ಸುತ್ತು ಹಾಕಿದ. ಕೆಂಪು. ಇನ್ನೊಂದು ಕಂಬಳದಲ್ಲಿ ಮತ್ತೆ ಕೆಂಪು. ಅದರ ಮುಂದಿನದರಲ್ಲಿಯೂ ಕೆಂಪು.

ಕಾರ್ಲ್ ಪೊರ್ಬುಗಳ ಮಗ ಲಿಯೋನೆಲ್‌ಗೆ ಮಣಿಪಾಲದಲ್ಲಿ ಕೆಲಸ. ಕತ್ತಲೆ ಇರುವಾಗ ಹೋಗಿ ಕತ್ತಲಾದ ಮೇಲೆ ಬರುವವನು. ಕೆಟ್ಟವನಲ್ಲ. ಎರಡು ವರ್ಷ ಸಹಿಸಿದ. ಆಮೇಲೆ ಒಂದು ದಿನ ಹೂವಪ್ಪಣ್ಣನ ಮನೆಗೆ ಬಂದು ಜಗಲಿಯಲ್ಲಿ ಕುಳಿತ.

"ಹೂವಪ್ಪಣ್ಣ, ಹಟ್ಟಿ ಮುಚ್ಚುತ್ತೇನೆ."

"ಎಂತ ಸಣ್ಣ ಧನಿ ಹೀಗೆ ಹೇಳುವುದು?"

"ಅಪ್ಪನ ಹಾಗೆ ನನ್ನಿಂದ ಆಗುವುದಿಲ್ಲ. ಬಜಗೋಳಿಯ ಕೂಸಪ್ಪಣ್ಣ ಕೇಳಿದ್ದಾರೆ. ಅವರ ಹಟ್ಟಿ ದೊಡ್ಡದು, ಚೆನ್ನಾಗಿ ನೋಡಿಕೊಳ್ಳುತ್ತಾರೆ. ಜೋಡಿಯಾಗಿ ತೆಗೆದುಕೊಳ್ಳಲು ತಯಾರು. ಆದರೆ ಒಂದು ಮಾತು ಹೇಳಿದ್ದಾರೆ. ಹೊಸಗದ್ದೆ ಕಂಬಳದಲ್ಲಿ ದೂಮ ಐದು ನಿಮಿಷದೊಳಗೆ ಗಂತು ಬಿಡಬೇಕು. ಗೆಲ್ಲಬೇಕೆಂದಿಲ್ಲ. ಬಿಟ್ಟರೆ ಸಾಕು."

"ನಾನೇ ಬಂದು ನೀರು ಹಾಕುತ್ತೇನೆ. ಡಾಕ್ಟರು ಏನಾದರೂ ಹೇಳಲಿ, ನೀರು ಹಾಕಲು ಸೊಂಟ ಬೇಡ."

ಲಿಯೋನೆಲ್ ನೆಲ ನೋಡಿದ. "ಅದನ್ನೂ ಕೇಳಿದೆ. ಅವರು ಎಂತ ಹೇಳಿದರು ಗೊತ್ತುಂಟಾ? 'ಹೂವಪ್ಪನ ಕೈಯಿಂದ ಹೋಗುತ್ತದೆ ಎಂದು ಇಡೀ ಊರಿಗೆ ಗೊತ್ತು. ನನ್ನ ಜನರ ಕೈಯಿಂದ ಹೋಗುತ್ತದಾ, ಅದು ಹೇಳಿ. ಕೋಣದ ಜೊತೆ ಹೂವಪ್ಪನನ್ನೂ ಕಟ್ಟಿ ಕೊಡುತ್ತೀರಾ?' ಎಂದರು."

"ಬಿಡದಿದ್ದರೆ?"

"ಬಾಬುವನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ದೂಮನನ್ನು..." ಉಳಿದದ್ದು ಹೂವಪ್ಪಣ್ಣನಿಗೆ ಅರ್ಥವಾಯಿತು. ಘಟ್ಟದ ಮೇಲಿನ ವ್ಯಾಪಾರಿಯ ಲಾರಿ ತಿಂಗಳಿಗೊಮ್ಮೆ ಆ ದಾರಿಯಲ್ಲಿ ಬರುತ್ತದೆ. ಆ ಲಾರಿ ಹತ್ತಿದ ಕೋಣ ಮತ್ತೆ ನೀರಿಗೆ ಇಳಿದದ್ದನ್ನು ಕಂಡವರಿಲ್ಲ.

ಅಂದಿನಿಂದ ಹೂವಪ್ಪಣ್ಣ ಕಲಿಸಿದ್ದನ್ನು ಮರೆಸಲು ಕುಳಿತರು. ತಿಲಕನಿಗೆ ತಮ್ಮ ಹಳೆಯ ಮುಂಡು ಉಡಿಸಿದರು, ತಮ್ಮ ಮೈ ಒರೆಸುವ ಬೈರಾಸು ಹೆಗಲಿಗೆ ಹಾಕಿದರು. ತಾವು ಬೇಯಿಸಿದ ಹುರುಳಿಯನ್ನು ಅವನ ಕೈಯಿಂದಲೇ ತಿನ್ನಿಸಿದರು. ಮತ್ತೆ ಒಂದು ದಿನ ತಿಲಕನೇ ನಾಚಿಕೆಯಿಂದ ಹೇಳಿದ: "ಹೂವಪ್ಪಣ್ಣ, ಬೇಜಾರು ಮಾಡಬೇಡಿ. ನೀವು ಇದ್ದರೆ ಅವನು ನಿಮ್ಮನ್ನೇ ನೋಡುತ್ತಾನೆ. ಸ್ವಲ್ಪ ದಿನ ಹಟ್ಟಿಯ ಕಡೆ ಬರಬೇಡಿ."

ಅವರು ಹೋಗಲಿಲ್ಲ. ಹಟ್ಟಿಯ ದಾರಿ ಬಿಟ್ಟು ಗುಡ್ಡೆ ಸುತ್ತಿ ಅಂಗಡಿಗೆ ಹೋದರು. ನಲವತ್ತು ದಿನ. ನಲವತ್ತೊಂದನೆಯ ದಿನ ತಿಲಕ್ ಫೋನು ಮಾಡಿದ. ಧ್ವನಿಯಲ್ಲಿ ನಗು.

"ಹೋದ, ಹೂವಪ್ಪಣ್ಣ! ಗದ್ದೆಯಲ್ಲಿ ನನ್ನ ಕೈ ನೀರಿಗೆ ಹೋದ. ನಿನ್ನೆ ಒಂದು ಸಲ, ಇವತ್ತು ಎರಡು ಸಲ!"

ಅಮ್ಮಣ್ಣಿ ಆ ದಿನ ಪಾಯಸ ಮಾಡಿದಳು. ಹೂವಪ್ಪಣ್ಣ ಎರಡು ಲೋಟ ಕುಡಿದರು. ಆಮೇಲೆ ಹಿತ್ತಿಲಿಗೆ ಹೋಗಿ ತುಂಬ ಹೊತ್ತು ಬಾವಿಕಟ್ಟೆಯಲ್ಲಿ ಕುಳಿತರು. ತನ್ನ ಕೈ ಇಲ್ಲದೆ ಹೋದ ಎಂಬುದು ಸಂತೋಷದ ಮಾತು. ಆದರೂ.

ಇನ್ನು ತಪ್ಪಿನ ಮಾತು ಹೇಳಬೇಕು. ಹೊಸಗದ್ದೆ ಕಂಬಳದವರು ಗಂತಿನ ತೀರ್ಪುಗಾರನಾಗಿ ಹೂವಪ್ಪಣ್ಣನನ್ನು ಮೊದಲೇ ಗೊತ್ತು ಮಾಡಿದ್ದರು. ಕೆಂಪು ದೀಪ ಹತ್ತಿದಾಗ ನಿಲ್ಲದ ಜೋಡಿಯನ್ನು ಹೊರಗೆ ಹಾಕಲು ಕೆಂಪು ಬಾವುಟ ಎತ್ತುವ ಕೆಲಸ. ಗಂತಿನಲ್ಲಿ ತಡ ಮಾಡುವ ಉಪಾಯಗಳನ್ನು ಅವರಿಗಿಂತ ಹೆಚ್ಚು ಬಲ್ಲವರು ಯಾರು? "ಕಳ್ಳನನ್ನೇ ಕಾವಲಿಗೆ ಇಟ್ಟರೆ ಬೇರೆ ಕಳ್ಳ ಬರುವುದಿಲ್ಲ" ಎಂದು ಕಾರ್ಯದರ್ಶಿ ನಕ್ಕಿದ್ದರು. ತೀರ್ಪುಗಾರ ಯಾವ ಕೋಣವನ್ನೂ ಮುಟ್ಟುವಂತಿಲ್ಲ. ಅದನ್ನು ದೇವರ ಮುಂದೆ ಹೇಳಿ ಬಾವುಟ ಹಿಡಿಯುವುದು ಅಲ್ಲಿನ ಕ್ರಮ.

"ಈ ಒಂದು ದಿನ ಬೇಡ. ಹುಷಾರಿಲ್ಲ ಎಂದು ಹೇಳಿಬಿಡಿ" ಎಂದು ಅಮ್ಮಣ್ಣಿ ಹೇಳಿದಳು.

"ಹೆಸರು ಹಾಕಿ ಕಾಗದ ಅಚ್ಚು ಮಾಡಿದ್ದಾರೆ ಮಾರಾಯ್ತಿ."

"ಅಚ್ಚು ಮಾಡಿದ ಕಾಗದದಲ್ಲಿ ನಾಳೆ ಮೀನು ಕಟ್ಟುತ್ತಾರೆ. ನಿಮಗೆ ಅವನನ್ನು ನೋಡಬೇಕು. ಅದನ್ನು ಹೇಳಿ."

ಹೌದು, ಹೂವಪ್ಪಣ್ಣನಿಗೆ ನೋಡಬೇಕಿತ್ತು. ದೂಮ ಹೋಗುವುದನ್ನು ಒಂದು ಸಲ ಪಕ್ಕದಿಂದ ನೋಡಬೇಕಿತ್ತು, ಕೈ ಕಟ್ಟಿಕೊಂಡು. ಅಷ್ಟು ಆಸೆ. ದೂಮನಿಗೆ ಗುರುತು ಸಿಗದ ಹಾಗೆ ಎಲ್ಲ ಏರ್ಪಾಡು ಮಾಡಿಕೊಂಡರು. ಬಿಳಿ ಪ್ಯಾಂಟು, ಸಮಿತಿಯ ಟೋಪಿ. ಎಲೆ ಅಡಿಕೆ ಹಾಕಲಿಲ್ಲ. ತಂಗಿಯ ಮಗ ಗಲ್ಫಿನಿಂದ ತಂದ ಅತ್ತರನ್ನು ಕೈಗೆ, ಕುತ್ತಿಗೆಗೆ ಹಚ್ಚಿಕೊಂಡರು. ಅಮ್ಮಣ್ಣಿ ಮೂಗು ಮುಚ್ಚಿಕೊಂಡು, "ಕೋಣ ಅಲ್ಲ, ನಾನೇ ಗುರುತು ಹಿಡಿಯಲಿಕ್ಕಿಲ್ಲ" ಎಂದಳು.

ಎರ್ಮಾಳಿನಿಂದ ಒಳಗೆ ಹೊಸಗದ್ದೆ. ಮಧ್ಯಾಹ್ನದ ಬಿಸಿಲು. ಕೂಸಪ್ಪಣ್ಣ ಗಂತಿನ ಹತ್ತಿರವೇ ಕುರ್ಚಿ ಹಾಕಿಸಿ ಕುಳಿತಿದ್ದರು, ಪಕ್ಕದಲ್ಲಿ ಲಿಯೋನೆಲ್. ದೂಮ ಮತ್ತು ಬಾಬು ಬಂದರು. ಎಣ್ಣೆ ಹಚ್ಚಿದ ಮೈ ಹೊಳೆಯುತ್ತಿತ್ತು. ತಿಲಕ್ ತಿರುಗಿಸಿದ. ಒಂದೇ ಸಲಕ್ಕೆ ನಿಂತರು. ಪಕ್ಕದ ಕರೆಯ ಜೋಡಿಯೂ ನಿಂತಿತ್ತು. ಹಸಿರು ದೀಪ. ಹೂವಪ್ಪಣ್ಣ ಕರೆಯ ಅಂಚಿನಲ್ಲಿ, ಇಪ್ಪತ್ತು ಹೆಜ್ಜೆ ದೂರ, ಮುಖ ಬೇರೆ ಕಡೆ ಮಾಡಿ ನಿಂತಿದ್ದರು. ತಿಲಕ್ ಬಗ್ಗಿದ. ಬೊಗಸೆ ತುಂಬ ನೀರು. ಹಣೆಯಿಂದ ಮೂಗಿನವರೆಗೆ. "ಪೋ ಮಗಾ."

ದೂಮನ ಬೆನ್ನು ಬಿಗಿಯಾಯಿತು. ಮುಂಗಾಲು ಎದ್ದಿತು. ಹೋದ ಎಂದೇ ಎಲ್ಲರೂ ಉಸಿರು ಹಿಡಿದರು.

ಆಗ ಗಾಳಿ ತಿರುಗಿತೋ, ಇಲ್ಲ ಹೂವಪ್ಪಣ್ಣನ ಮುರಿದ ಸೊಂಟದ ನಿಲುವು ಕಣ್ಣಿಗೆ ಬಿತ್ತೋ ಗೊತ್ತಿಲ್ಲ. ಎದ್ದ ಕಾಲು ಕೆಳಗೆ ಬಂತು. ದೂಮ ತಲೆ ತಿರುಗಿಸಿದ. ಮೂಗು ಅರಳಿಸಿದ. ಒಮ್ಮೆ ಸಣ್ಣಗೆ ಕೂಗಿದ. ನಲವತ್ತು ದಿನ, ಅದರ ಮೇಲೆ ಹತ್ತು ದಿನ ಕಾಣದ ಮನುಷ್ಯ ಅಲ್ಲಿ ನಿಂತಿದ್ದಾನೆ. ಇನ್ನು ಬೇರೆ ಯಾರ ನೀರು ಯಾಕೆ?

ಹೂವಪ್ಪಣ್ಣನಿಗೆ ಆ ಕ್ಷಣವೇ ಗೊತ್ತಾಯಿತು. ಕೋಣವನ್ನು ತಡೆದು ನಿಲ್ಲಿಸಿದ್ದು ತಾನು ಬಂದು ನಿಂತದ್ದು. ಪಕ್ಕದ ಸಹಾಯಕನ ಕೈಗೆ ಬಾವುಟ ತುರುಕಿ, ಚಪ್ಪರದ ಹಿಂದೆ ಹೋಗಿಬಿಡೋಣ ಎಂದು ಕುಂಟುತ್ತ ಹೊರಟರು. ಅದು ಇನ್ನೂ ಕೆಟ್ಟದಾಯಿತು. ಅವರು ಹೋದ ಕಡೆಗೇ ದೂಮ ತಿರುಗಿದ, ನೊಗ ಅಡ್ಡವಾಯಿತು, ಬಾಬು ಮೊಣಕಾಲೂರಿದ. ಜನ ಬೊಬ್ಬೆ ಹಾಕಿದರು. ಮೈಕಿನಲ್ಲಿ, "ತೀರ್ಪುಗಾರರು ಜಾಗ ಬಿಡಬಾರದು!" ಎಂದು ಎರಡು ಸಲ ಕೇಳಿಸಿತು. ಅವರು ವಾಪಸು ಬಂದು ನಿಂತರು.

ಹಳದಿ.

"ಹೂವಪ್ಪಣ್ಣ," ತಿಲಕ್ ಹಗ್ಗ ಎಳೆಯುತ್ತ ಅಳುವವನ ಹಾಗೆ ಕೂಗಿದ, "ಒಂದು ಸಲ ಮುಟ್ಟಿ! ಎಂತ ಬೇಕಾದರೂ ಆಗಲಿ, ಒಂದು ಸಲ!"

ಅಷ್ಟರಲ್ಲಿ ದೂಮ ಅವರ ಮುಂದೆಯೇ ಬಂದು ನಿಂತಿದ್ದ. ತಲೆ ತಗ್ಗಿಸಿದ್ದ. ಹಣೆ ಅವರ ಎದೆಯ ಮಟ್ಟಕ್ಕೆ. ಕಾಲ ಬುಡದಲ್ಲಿ ನೀರು. ಬಗ್ಗಿದರೆ ಆಯಿತು. ಬಗ್ಗಿದರೆ ದೂಮ ಹೋಗುತ್ತಾನೆ, ಎಲ್ಲರಿಗಿಂತ ಮುಂದೆ ಹೋಗುತ್ತಾನೆ. ಆದರೆ ಕುರ್ಚಿಯಲ್ಲಿ ಕುಳಿತವರು ನೋಡಬಂದದ್ದು ಅದನ್ನಲ್ಲ. ಈ ಕೈಯಿಂದ ಹೋದರೆ, ಈ ಕೈಯಿಂದ ಮಾತ್ರ ಹೋಗುತ್ತಾನೆ ಎಂದು ನೂರು ಜನರ ಮುಂದೆ ಸಾಬೀತಾಗುತ್ತದೆ. ದೇವರ ಮುಂದೆ ಹೇಳಿದ ಮಾತೂ ಹೋಗುತ್ತದೆ. ಹೂವಪ್ಪಣ್ಣ ಎರಡೂ ಕೈಗಳನ್ನು ಹಿಂದೆ ಕಟ್ಟಿಕೊಂಡರು. "ಹೋಗು, ತಿಲಕನ ಹತ್ತಿರ ಹೋಗು" ಎಂದು ಕನ್ನಡದಲ್ಲಿ ಹೇಳಿದರು, ಪರಕೀಯರ ಹತ್ತಿರ ಹೇಳುವ ಹಾಗೆ. ಜೀವನದಲ್ಲಿ ದೂಮನ ಹತ್ತಿರ ತುಳು ಬಿಟ್ಟು ಬೇರೆ ಮಾತನಾಡಿದವರಲ್ಲ. ದೂಮ ಕಿವಿ ಅಲ್ಲಾಡಿಸಿ ಕಾದ.

ಕೆಂಪು.

ಸಹಾಯಕನ ಕೈಯಿಂದ ಬಾವುಟ ತೆಗೆದು ಹೂವಪ್ಪಣ್ಣ ತಾವೇ ಎತ್ತಿದರು.

ಕೂಸಪ್ಪಣ್ಣ ಎದ್ದು ಬಂದು ಹೂವಪ್ಪಣ್ಣನ ಹೆಗಲ ಮೇಲೆ ಕೈಯಿಟ್ಟರು. "ನಿಮ್ಮದು ತಪ್ಪಿಲ್ಲ ಮಾರಾಯರೇ. ಆದರೆ ನನಗೆ ಇದು ಆಗುವುದಿಲ್ಲ" ಎಂದು ಹೇಳಿ ಬಾಬುವಿನ ಕಡೆ ನಡೆದರು.

"ನಾನು ನಿಂತಿದ್ದಕ್ಕೆ ಹೀಗಾದದ್ದು. ನಾನಿಲ್ಲದಿದ್ದರೆ ಹೋಗುತ್ತಾನೆ, ತಿಲಕನ ಹತ್ತಿರ ಕೇಳಿ!" ಎಂದು ಹೂವಪ್ಪಣ್ಣ ಹಿಂದಿನಿಂದ ಕೂಗಿದರು. ಕೊಂಬಿನ ಶಬ್ದದಲ್ಲಿ ಕೇಳಿಸಿತೋ ಇಲ್ಲವೋ. ಸಂಜೆ ಬಜಗೋಳಿಗೆ ಫೋನು ಮಾಡಿಸಿದರು, ಮರುದಿನ ಬಸ್ಸು ಹತ್ತಿ ಹೋಗಿಯೂ ಬಂದರು. ಕೂಸಪ್ಪಣ್ಣ ಎಳನೀರಿನ ಬೊಂಡ ಕೊಟ್ಟು ಕಳುಹಿಸಿದರು. ಮಾತು ಮಾತ್ರ ಬದಲಾಗಲಿಲ್ಲ.

"ನಮ್ಮ ಹಿತ್ತಿಲಿನಲ್ಲಿ ಕಟ್ಟುತ್ತೇನೆ, ಕೊಡಿ" ಎಂದು ಲಿಯೋನೆಲ್‌ನನ್ನೂ ಕೇಳಿದರು. ಐದು ಸೆಂಟ್ಸ್ ಜಾಗ. ಬಾವಿ, ಮನೆ, ಒಂದು ನುಗ್ಗೆ ಮರ. ಕೋಣಕ್ಕೆ ಮುಳುಗಲು ನೀರು ಬೇಕು, ಹಿಡಿಯಲು ಗಟ್ಟಿ ಆಳು ಬೇಕು. ಕೇಳುವಾಗಲೇ ಆಗದ ಮಾತೆಂದು ಇಬ್ಬರಿಗೂ ಗೊತ್ತಿತ್ತು. ಲಿಯೋನೆಲ್ ಕಣ್ಣು ಒರೆಸಿಕೊಂಡು ಒಳಗೆ ಹೋದ.

ಲಾರಿ ಬಂದದ್ದು ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ. ಹೂವಪ್ಪಣ್ಣ ಮನೆಯಲ್ಲಿಯೇ ಇದ್ದರು. ರೇಡಿಯೋ ಜೋರಾಗಿ ಹಾಕಿಕೊಂಡಿದ್ದರು. ಹತ್ತೂವರೆಗೆ ಕಾರ್ಲ್ ಪೊರ್ಬುಗಳ ಹೆಂಡತಿ ಡುಲ್ಸಿನ್ ಬಾಯಮ್ಮನ ಫೋನು.

"ಹೂವಪ್ಪ, ನೀನೊಮ್ಮೆ ಬಾ."

"ಬೇಡ ಬಾಯಮ್ಮ. ನನ್ನಿಂದ ಆಗುವುದಿಲ್ಲ."

"ಅವನು ಹತ್ತುವುದಿಲ್ಲ. ಕಲ್ಲಿನ ಹಾಗೆ ನಿಂತಿದ್ದಾನೆ. ಆ ಜನ ಹೊಡೆಯುತ್ತಿದ್ದಾರೆ ಮಗಾ. ಬೆತ್ತ ಮುರಿಯಿತು, ಈಗ ಬಾಲ ತಿರುಚುತ್ತಿದ್ದಾರೆ. ನನಗೆ ನೋಡಲಿಕ್ಕಾಗುವುದಿಲ್ಲ. ನೀನು ಬಾ."

ಹೂವಪ್ಪಣ್ಣ ಚಪ್ಪಲಿ ಹಾಕಲಿಲ್ಲ. ಕುಂಟುತ್ತ, ಓಡುತ್ತ ಹೋದರು. ಅಂಗಳದಲ್ಲಿ ಲಾರಿ. ಹಿಂದಿನ ಬಾಗಿಲಿನಿಂದ ನೆಲಕ್ಕೆ ಹಲಗೆ ಹಾಕಿದ್ದರು. ಹಲಗೆಯ ಮುಂದೆ ದೂಮ. ಬೆನ್ನಿನ ಮೇಲೆ ಬರೆ, ಬರೆಯ ಮೇಲೆ ನೊಣ. ಮುಂದೆ ಇಬ್ಬರು ಹಗ್ಗ ಎಳೆಯುತ್ತಿದ್ದರು, ಹಿಂದೆ ಇಬ್ಬರು ಬಡಿಯುತ್ತಿದ್ದರು. ದೂಮ ಕದಲಿರಲಿಲ್ಲ. ಬೊಬ್ಬೆ ಹೊಡೆದರೂ ಡಬ್ಬ ಬಡಿದರೂ ಕದಲಬಾರದು ಎಂದು ಕಲಿತವನು.

"ಹೊಡೆಯಬೇಡಿ" ಎಂದರು ಹೂವಪ್ಪಣ್ಣ.

"ಹಾಗಾದರೆ ನೀವೇ ಹತ್ತಿಸಿ ಅಜ್ಜ. ನಮಗೆ ಘಟ್ಟ ಹತ್ತಲಿಕ್ಕುಂಟು."

ದೂಮ ಅವರನ್ನು ಕಂಡು ತಲೆ ತಗ್ಗಿಸಿದ. ಹಟ್ಟಿಯ ಪಕ್ಕ ಕಲ್ಲಿನ ಮರಿಗೆಯಲ್ಲಿ ಅವನು ಕುಡಿದು ಉಳಿದ ನೀರಿತ್ತು. ಹೂವಪ್ಪಣ್ಣ ಅದರ ಮುಂದೆ ನಿಂತರು. ಎಷ್ಟು ಹೊತ್ತು ನಿಂತರು ಎಂದು ಬಾಯಮ್ಮನಿಗೆ ಗೊತ್ತಿಲ್ಲ, ಅವರು ಜಪಮಾಲೆ ಹಿಡಿದು ಮುಖ ತಿರುಗಿಸಿದ್ದರು. ಹಿಂದಿನವನು ಇನ್ನೊಂದು ಬೆತ್ತ ಎತ್ತಿದ್ದನ್ನು ಕಂಡು ಹೂವಪ್ಪಣ್ಣ ಬಗ್ಗಿದರು.

ಹಣೆಯಿಂದ ಮೂಗಿನವರೆಗೆ.

"ಪೋ ಮಗಾ."

ದೂಮ ಹೋದ. ಒಂದೇ ನೆಗೆತಕ್ಕೆ, ಹಲಗೆ ಧಡಧಡ ಎಂದಿತು, ಹಗ್ಗ ಹಿಡಿದವರು ಪಕ್ಕಕ್ಕೆ ಹಾರಿದರು. ಲಾರಿಯ ಒಳಗೆ ಕೊನೆಯವರೆಗೆ ಹೋಗಿ, ತಿರುಗಿ, ಸರಳಿನ ನಡುವೆ ಮೂಗು ಹೊರಗೆ ಚಾಚಿ ನಿಂತ. ಹೇಳಿದ್ದನ್ನು ಮಾಡಿದ್ದ. ಈಗ ಹುರುಳಿಗೆ ಕಾಯುತ್ತಿದ್ದ.

ಹೂವಪ್ಪಣ್ಣ ಮುಂಡಿನ ಮಡಿಲಿಗೆ ಕೈ ಹಾಕಿದರು. ಓಡಿ ಬರುವ ಅವಸರದಲ್ಲಿ ಏನೂ ತಂದಿರಲಿಲ್ಲ. "ಒಂದು ನಿಮಿಷ, ಬಾಯಮ್ಮ, ಸ್ವಲ್ಪ ಹುರುಳಿ" ಎಂದು ಹಟ್ಟಿಯೊಳಗೆ ಹೊಕ್ಕು ಡಬ್ಬ ತೆರೆದು ನೋಡಿದರು. ಹಟ್ಟಿ ಮುಚ್ಚುವ ಮನೆಯಲ್ಲಿ ಹುರುಳಿ ಎಲ್ಲಿಂದ ಬರಬೇಕು? ಖಾಲಿ ಡಬ್ಬ ಹಿಡಿದುಕೊಂಡು ಹೊರಗೆ ಬರುವಷ್ಟರಲ್ಲಿ ಲಾರಿ ಗೇಟು ದಾಟಿತ್ತು. ಸರಳಿನಿಂದ ಹೊರಗೆ ಚಾಚಿದ ಮೂಗು ತಿರುವಿನವರೆಗೂ ಅವರ ಕಡೆಗೇ ಇತ್ತು.